ಮೊದಲು ಬೆರಳು, ಆಮೇಲೆ ಸೂಜಿ

ರಕ್ತ ತೆಗೆಯುವುದು ನನ್ನ ಕೆಲಸ ಅಂದ ಕೂಡಲೇ ಜನ ಕೇಳುವುದೆಲ್ಲ ಸೂಜಿಯ ಬಗ್ಗೆ. ಕೈ ನಡುಗಲ್ವಾ, ರಕ್ತ ನೋಡಿದರೆ ತಲೆ ಸುತ್ತಲ್ವಾ ಅಂತ. ಆದರೆ ಸೂಜಿ ಒಬ್ಬರ ತೋಳಿನೊಳಗೆ ಇರುವುದು ಸಾಮಾನ್ಯವಾಗಿ ಒಂದು ನಿಮಿಷವೂ ಇಲ್ಲ. ಅದಕ್ಕೆ ಮೊದಲು ಆಡುವ ನಾಲ್ಕು ಮಾತು, ಬೆರಳಿನಿಂದ ರಕ್ತನಾಳ ಹುಡುಕುವುದು, ಆಮೇಲೆ ಟ್ಯೂಬಿನ ಮೇಲೆ ಸರಿಯಾದ ಹೆಸರು ಅಂಟಿಸುವುದು, ಇವುಗಳಿಗೇ ಜಾಸ್ತಿ ಗಮನ ಬೇಕು. ಡಾಕ್ಟರು ಕಂಪ್ಯೂಟರಿನಲ್ಲಿ ನೋಡುವ ಅಂಕಿ ನಂಬುವಂಥದ್ದೋ ಅಲ್ಲವೋ ಅನ್ನುವುದು ಎಷ್ಟೋ ಸಲ ಲ್ಯಾಬಿಗೆ ಹೋಗುವ ಮೊದಲೇ, ರೋಗಿ ಕೂತ ಕುರ್ಚಿಯಲ್ಲೇ ತೀರ್ಮಾನವಾಗಿರುತ್ತದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಕಲಿತ ದೊಡ್ಡ ವಿಷಯ ಇದು. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿಯ ಸರಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್‌ನಲ್ಲಿ, ನಾನು ಹೆಲ್ತ್‌ಕೇರ್ ಅಸಿಸ್ಟೆಂಟ್. ದೊಡ್ಡ ಆಸ್ಪತ್ರೆಯ ವಾರ್ಡು ನನ್ನದಲ್ಲ. ಬಡಾವಣೆಗಳ ಹೆಲ್ತ್ ಸೆಂಟರ್, ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯರ ಕ್ಲಿನಿಕ್ಕಿನಲ್ಲಿ ಒಂದು ಸಣ್ಣ ಕೋಣೆ, ಹೀಗೆ ವಾರದಲ್ಲಿ ಬೇರೆ ಬೇರೆ ಕಡೆ ಕ್ಲಿನಿಕ್ ಇರುತ್ತದೆ. ಜಿಪಿ ಪರೀಕ್ಷೆ ಬರೆಯುತ್ತಾರೆ, ರೋಗಿ ನಮ್ಮ ಹತ್ತಿರ ಬರುತ್ತಾರೆ, ನಾವು ತೆಗೆದ ಸ್ಯಾಂಪಲ್ ವ್ಯಾನಿನಲ್ಲಿ ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತದೆ. ರೋಗಿ ದುಡ್ಡು ಕೊಡಬೇಕಾಗಿಲ್ಲ. 1948ರ ಜುಲೈ 5ರಂದು ಈ ಸೇವೆ ಶುರುವಾದಾಗಿನಿಂದ ಚಿಕಿತ್ಸೆ ಕೊಡುವ ಹೊತ್ತಿಗೆ ದುಡ್ಡು ಕೇಳಬಾರದು ಅನ್ನುವುದು ಇದರ ಮೂಲ ನಿಯಮ. ಹಾಗಾಗಿ ನನ್ನ ಮುಂದಿನ ಕುರ್ಚಿಯಲ್ಲಿ ವಕೀಲರೂ ಕೂರುತ್ತಾರೆ, ರಸ್ತೆಬದಿಯಲ್ಲಿ ಮಲಗುವವರೂ ಕೂರುತ್ತಾರೆ. ಅದು ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಸಂಗತಿ.

ಸೇರುವುದಕ್ಕೆ ಡಿಗ್ರಿ ಬೇಕಿಲ್ಲ. ನರ್ಸ್‌ಗಳ ಹಾಗೆ ನಮಗೆ ನೋಂದಣಿಯೂ ಇಲ್ಲ. ಸಂಬಳ ಸಾಮಾನ್ಯವಾಗಿ ಬ್ಯಾಂಡ್ 2 ಅಥವಾ 3, ಅಂದರೆ ಏಣಿಯ ಕೆಳಗಿನ ಮೆಟ್ಟಿಲು. ಕೆಲಸ ಸಿಕ್ಕಿತು ಅಂದ ಮೇಲೂ ಒಂದಷ್ಟು ಕಾಯಬೇಕು. ಮೊದಲು ಡಿಬಿಎಸ್, ಅಂದರೆ ನಮ್ಮ ಮೇಲೆ ಅಪರಾಧದ ದಾಖಲೆ ಏನಾದರೂ ಇದೆಯಾ ಅನ್ನುವ ತಪಾಸಣೆ. ಆಮೇಲೆ ಹೆಪಟೈಟಿಸ್ ಬಿ ಲಸಿಕೆ. ಮೂರು ಡೋಸ್ ಆದ ನಂತರ ಮೈಯಲ್ಲಿ ರಕ್ಷಣೆ ಹುಟ್ಟಿದೆಯೋ ಇಲ್ಲವೋ ಅಂತ ನಮ್ಮದೇ ರಕ್ತ ತೆಗೆದು ನೋಡುತ್ತಾರೆ. ಜೊತೆಗೆ ಕೇರ್ ಸರ್ಟಿಫಿಕೇಟ್ ಅನ್ನುವ ತರಬೇತಿ. 2015ರಲ್ಲಿ ಜಾರಿಗೆ ಬಂದದ್ದು. ಆಗ ಅದರಲ್ಲಿ 15 ಭಾಗಗಳಿದ್ದವು. ರೋಗಿಯ ಮರ್ಯಾದೆ ಕಾಪಾಡುವುದು, ಸೋಂಕು ಹರಡದಂತೆ ನೋಡಿಕೊಳ್ಳುವುದು, ಗುಟ್ಟು ಕಾಯುವುದು, ಮರೆವಿನ ಕಾಯಿಲೆ ಇರುವವರೊಂದಿಗೆ ಮಾತಾಡುವುದು, ಎಲ್ಲ ಬರುತ್ತದೆ. ಓದುವಾಗ ಇದೆಲ್ಲ ಗೊತ್ತಿರುವುದೇ ಅಲ್ವಾ ಅನ್ನಿಸಬಹುದು. ಕ್ಲಿನಿಕ್ಕಿನಲ್ಲಿ ಕೂತ ಮೇಲೆ ಅದರಲ್ಲಿ ಒಂದೂ ಬೇಡದ್ದಲ್ಲ ಅಂತ ಅರ್ಥವಾಗುತ್ತದೆ.

ರಕ್ತ ತೆಗೆಯುವ ತರಬೇತಿ ಶುರುವಾಗುವುದು ಪ್ಲಾಸ್ಟಿಕ್ ತೋಳಿನ ಮೇಲೆ. ಅದರೊಳಗೆ ರಬ್ಬರ್ ನಳಿಕೆ, ನಳಿಕೆಯಲ್ಲಿ ಕೆಂಪು ನೀರು. ಕೈಗೆ ಅಭ್ಯಾಸ ಆಗುವುದಕ್ಕೆ ಅದು ಒಳ್ಳೆಯದೇ. ಒಂದು ಕೈಯಲ್ಲಿ ಸೂಜಿ ಅಲುಗದಂತೆ ಹಿಡಿದು ಇನ್ನೊಂದು ಕೈಯಲ್ಲಿ ಟ್ಯೂಬ್ ಒತ್ತುವುದು, ತೆಗೆಯುವುದು, ಮತ್ತೊಂದನ್ನು ಹಾಕುವುದು, ಇದೆಲ್ಲ ಅಲ್ಲಿ ಕಲಿಯಬಹುದು. ಆದರೆ ಪ್ಲಾಸ್ಟಿಕ್ ತೋಳು ಭಯಪಡುವುದಿಲ್ಲ. ಅದರ ಚರ್ಮ ಜಾರುವುದಿಲ್ಲ. ನಿಜವಾದ ಮನುಷ್ಯರ ಮೇಲೆ ಕೈ ಇಡುವಾಗ ಪಕ್ಕದಲ್ಲಿ ಅನುಭವಸ್ಥರೊಬ್ಬರು ನಿಂತಿರುತ್ತಾರೆ. ಅವರು ನೋಡಿ, ಒಪ್ಪಿ, ಸಹಿ ಹಾಕುವವರೆಗೆ ಒಬ್ಬರೇ ತೆಗೆಯುವ ಹಾಗಿಲ್ಲ. ನನಗೆ ಕಲಿಸಿದ ಹಿರಿಯ ಫ್ಲೆಬಾಟಮಿಸ್ಟ್ (ರಕ್ತ ತೆಗೆಯುವವರಿಗೆ ಇಲ್ಲಿಯ ಹೆಸರು) ಹೇಳುತ್ತಿದ್ದದ್ದು ಒಂದೇ ಮಾತು: ‘ಕಣ್ಣಿಗೆ ಕಂಡದ್ದನ್ನು ನಂಬಬೇಡ, ಬೆರಳಿಗೆ ಸಿಕ್ಕಿದ್ದನ್ನು ನಂಬು.’

ಆ ಮಾತಿನ ಅರ್ಥ ತಿಳಿಯಲು ಸ್ವಲ್ಪ ಕಾಲ ಬೇಕಾಯಿತು. ಕೈ ಮೇಲೆ ನೀಲಿಯಾಗಿ ಎದ್ದು ಕಾಣುವ ನಾಳ ಬಹಳ ಸಲ ತೆಳ್ಳಗೆ ಇರುತ್ತದೆ, ಸೂಜಿ ತಾಗಿದ ತಕ್ಷಣ ಪಕ್ಕಕ್ಕೆ ಜಾರುತ್ತದೆ. ಒಳ್ಳೆಯ ನಾಳ ಎಷ್ಟೋ ಜನರಲ್ಲಿ ಕಾಣುವುದೇ ಇಲ್ಲ. ತೋಳು ಚಾಚಿಸಿ, ಮೊಣಕೈಯ ಒಳಮಡಿಕೆಗಿಂತ ಸ್ವಲ್ಪ ಮೇಲಕ್ಕೆ ಟೂರ್ನಿಕೆಟ್ ಪಟ್ಟಿ ಬಿಗಿದು, ಗ್ಲೌಸ್ ಹಾಕುವ ಮೊದಲು ತೋರುಬೆರಳಿನ ತುದಿಯಿಂದ ನಿಧಾನವಾಗಿ ಒತ್ತಿ ನೋಡಬೇಕು. ಸರಿಯಾದ ನಾಳ ಸಿಕ್ಕಿತು ಅಂದರೆ ಗಾಳಿ ತುಂಬಿದ ಸೈಕಲ್ ಟ್ಯೂಬ್ ಒತ್ತಿದ ಹಾಗೆ ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ಬೆರಳಡಿ ಮಿಡಿತ ಸಿಕ್ಕರೆ ಅದು ಅಪಧಮನಿ, ಅಲ್ಲಿಗೆ ಹೋಗಲೇಬಾರದು. ಗಟ್ಟಿಯಾಗಿ, ಒತ್ತಿದರೂ ತಗ್ಗದೆ ಇದ್ದರೆ ಅದು ಸ್ನಾಯುವಿನ ಕಟ್ಟು. ಮಡಿಕೆಯ ನಡುವೆ ಓಡುವ ನಾಳವೇ ನಮಗೆ ಮೊದಲ ಆಯ್ಕೆ, ಹೆಬ್ಬೆರಳಿನ ಕಡೆಯದು ಎರಡನೆಯದು. ಕಿರುಬೆರಳಿನ ಕಡೆ ಇರುವುದು ಎಷ್ಟೇ ದಪ್ಪ ಇದ್ದರೂ ನಾವು ಕೊನೆಗೆ ಉಳಿಸುತ್ತೇವೆ. ಅದರ ಹತ್ತಿರವೇ ಅಪಧಮನಿಯೂ ಇದೆ, ಬೆರಳುಗಳಿಗೆ ಹೋಗುವ ದೊಡ್ಡ ನರವೂ ಇದೆ.

1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ಮೈಯೊಳಗೆ ಸುತ್ತುತ್ತದೆ ಅಂತ ತೋರಿಸಿಕೊಡುವಾಗ ಮಾಡಿದ್ದೂ ಇದೇ ಕೆಲಸ. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ, ರಕ್ತ ಯಾವ ಕಡೆಗೆ ಹೋಗುತ್ತದೆ, ಯಾವ ಕಡೆಗೆ ಹೋಗುವುದಿಲ್ಲ ಅಂತ ನೋಡಿದ. ನಾಳದೊಳಗೆ ಅಲ್ಲಲ್ಲಿ ಕವಾಟಗಳಿವೆ, ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ. ಬೆರಳಿಗೆ ಗಂಟಿನ ಹಾಗೆ ಸಿಗುವುದು ಆ ಕವಾಟವೇ ಇರಬಹುದು, ಅಲ್ಲಿ ಚುಚ್ಚಿದರೆ ನೋವು ಜಾಸ್ತಿ, ರಕ್ತವೂ ಸರಿಯಾಗಿ ಬರುವುದಿಲ್ಲ. ಹಾಗಾಗಿ ಸ್ವಲ್ಪ ಕೆಳಗೆ ಸರಿದು ಚುಚ್ಚುತ್ತೇವೆ. ಇದನ್ನು ತಿಳಿದ ಮೇಲೆ ಪಟ್ಟಿ ಕಟ್ಟುವಾಗಲೆಲ್ಲ ನನಗೆ ಒಂದು ಹೆಮ್ಮೆ ಇದೆ.

ಚುಚ್ಚುವುದು ನಿಜಕ್ಕೂ ಸರಳ. ಚರ್ಮವನ್ನು ಔಷಧಿ ಹಚ್ಚಿದ ಪಟ್ಟಿಯಿಂದ ಮೂವತ್ತು ಸೆಕೆಂಡು ಒರೆಸಿ, ಒಣಗಲು ಬಿಡಬೇಕು. ಒಣಗುವ ಮೊದಲೇ ಚುಚ್ಚಿದರೆ ಉರಿಯುತ್ತದೆ. ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದರೆ ನಾಳ ಜಾರುವುದಿಲ್ಲ. ವಯಸ್ಸಾದವರಲ್ಲಿ ಇದನ್ನು ಬಿಟ್ಟರೆ ಕೆಲಸ ಕೆಟ್ಟಿತು ಅಂತಲೇ ಅರ್ಥ. ಸೂಜಿಯ ಓರೆ ಬಾಯಿ ಮೇಲಕ್ಕೆ, 15ರಿಂದ 30 ಡಿಗ್ರಿ ಓರೆಯಲ್ಲಿ. ಟ್ಯೂಬಿನೊಳಗೆ ಮೊದಲೇ ಗಾಳಿ ತೆಗೆದು ನಿರ್ವಾತ ಮಾಡಿರುವುದರಿಂದ ನಾವು ಎಳೆಯಬೇಕಾಗಿಲ್ಲ, ಬೇಕಾದಷ್ಟು ರಕ್ತ ತಾನೇ ಬಂದು ನಿಲ್ಲುತ್ತದೆ. ಸಾಮಾನ್ಯವಾಗಿ ಹಸಿರು ಬಣ್ಣದ 21 ಗೇಜ್ ಸೂಜಿ. ನಾಳ ತೆಳ್ಳಗಿದ್ದರೆ, ಮುಂಗೈ ಹಿಂಭಾಗದಲ್ಲಿ ತೆಗೆಯಬೇಕಾದರೆ, ಸಣ್ಣ ರೆಕ್ಕೆಯ ಬಟರ್‌ಫ್ಲೈ ಸೂಜಿ.

ಈಗ ಟ್ಯೂಬುಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ರೋಗಿಗಳು ಯಾವಾಗಲೂ ಕೇಳುತ್ತಾರೆ, ಇಷ್ಟೊಂದು ಬಣ್ಣ ಯಾಕೆ ಅಂತ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಅನ್ನುವ ವಸ್ತು ಇರುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ರಕ್ತಕಣಗಳ ಎಣಿಕೆಗೆ, ಸಕ್ಕರೆ ಕಾಯಿಲೆಯ ಎಚ್‌ಬಿಎ1ಸಿ ಅನ್ನುವ ಪರೀಕ್ಷೆಗೆ ಅದು. ಹಳದಿ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟಬೇಕು, ತಳದಲ್ಲಿ ಅಂಟಿನಂಥ ಜೆಲ್ ಇರುತ್ತದೆ. ಲ್ಯಾಬಿನಲ್ಲಿ ಗಿರ್ರನೆ ತಿರುಗಿಸಿದಾಗ ಜೆಲ್ ನಡುವೆ ಬಂದು ನಿಂತು, ಕಣಗಳನ್ನು ಕೆಳಗೂ ತಿಳಿಯನ್ನು ಮೇಲೂ ಬೇರೆ ಮಾಡುತ್ತದೆ. ಕಿಡ್ನಿ, ಲಿವರ್, ಥೈರಾಯ್ಡ್, ಕೊಲೆಸ್ಟ್ರಾಲ್ ಎಲ್ಲ ಆ ತಿಳಿಯಲ್ಲೇ ನೋಡುವುದು. ತಿಳಿನೀಲಿ ಟ್ಯೂಬ್ ರಕ್ತ ಹೆಪ್ಪುಗಟ್ಟುವ ವೇಗ ನೋಡಲು. ಅದರಲ್ಲಿ ಒಂದು ಪಾಲು ದ್ರವಕ್ಕೆ ಒಂಬತ್ತು ಪಾಲು ರಕ್ತ ಇರಲೇಬೇಕು, ಗೆರೆಯವರೆಗೆ ತುಂಬದಿದ್ದರೆ ಲ್ಯಾಬಿನವರು ಎಸೆದುಬಿಡುತ್ತಾರೆ. ಬೂದು ಬಣ್ಣದ್ದು ಸಕ್ಕರೆಗೆ. ರಕ್ತ ಹೊರಗೆ ಬಂದ ಮೇಲೂ ಅದರ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಅದನ್ನು ತಡೆಯುವ ವಸ್ತು ಅದರಲ್ಲಿದೆ.

ಇವುಗಳನ್ನು ಮನಸ್ಸಿಗೆ ಬಂದ ಹಾಗೆ ತುಂಬುವಂತಿಲ್ಲ. ಮೊದಲು ತಿಳಿನೀಲಿ, ಆಮೇಲೆ ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು. ಕಾರಣ ಇದೆ. ನೇರಳೆ ಟ್ಯೂಬಿನಲ್ಲಿರುವುದು ಪೊಟ್ಯಾಸಿಯಂ ಸೇರಿದ ಇಡಿಟಿಎ. ಅದನ್ನು ಮೊದಲು ತುಂಬಿದರೆ ಸೂಜಿಯ ಬಾಲಕ್ಕೆ ಅಂಟಿದ ಒಂದು ಚೂರು ಹಳದಿ ಟ್ಯೂಬಿಗೆ ಹೋಗಬಹುದು. ಆಗ ರಕ್ತದಲ್ಲಿ ನಿಜವಾಗಿ ಏರದಿದ್ದರೂ ಪೊಟ್ಯಾಸಿಯಂ ಏರಿದ ಹಾಗೆ ಕಾಣುತ್ತದೆ, ಕ್ಯಾಲ್ಸಿಯಂ ಇಳಿದ ಹಾಗೆ ಕಾಣುತ್ತದೆ. ಪೊಟ್ಯಾಸಿಯಂ ತುಂಬಾ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಅಂಥ ರಿಪೋರ್ಟ್ ನೋಡಿದ ಡಾಕ್ಟರು ರಾತ್ರಿ ಹೊತ್ತಲ್ಲಾದರೂ ಫೋನ್ ಮಾಡಿ ಆಸ್ಪತ್ರೆಗೆ ಓಡಿ ಅನ್ನುತ್ತಾರೆ. ಏನೂ ಆಗದ ಒಬ್ಬ ಮುದುಕರು ನಡುರಾತ್ರಿ ಎಮರ್ಜೆನ್ಸಿಯ ಬೆಂಚಿನ ಮೇಲೆ ಕೂತು ಬೆಳಗು ಮಾಡಬೇಕಾಗುತ್ತದೆ. ಟ್ಯೂಬಿನ ಕ್ರಮ ತಪ್ಪಿದರೆ ಇಷ್ಟು ದೂರ ಹೋಗುತ್ತದೆ.

ಪೊಟ್ಯಾಸಿಯಂ ಸುಳ್ಳು ಹೇಳುವುದಕ್ಕೆ ಬೇರೆ ದಾರಿಗಳೂ ಇವೆ. ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿಟ್ಟರೆ, ರೋಗಿ ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದು ಬಿಟ್ಟರೆ, ಅಂಕಿ ಏರುತ್ತದೆ. ಸಿನಿಮಾದಲ್ಲಿ ನೋಡಿ ಎಲ್ಲರೂ ಕೂತ ತಕ್ಷಣ ಮುಷ್ಟಿ ಆಡಿಸಲು ಶುರು ಮಾಡುತ್ತಾರೆ. ‘ಒಮ್ಮೆ ಮೃದುವಾಗಿ ಮುಚ್ಚಿ ಹಿಡಿದರೆ ಸಾಕು’ ಅಂತ ನಾನು ದಿನಾ ಹೇಳುತ್ತೇನೆ. ಟ್ಯೂಬ್ ಅನ್ನು ಜೋರಾಗಿ ಕುಲುಕಿದರೆ ಕೆಂಪು ಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಬರುತ್ತದೆ. ಕುಲುಕಬಾರದು, ನಿಧಾನವಾಗಿ ತಲೆಕೆಳಗು ಮಾಡಿ ನೆಟ್ಟಗೆ ತರಬೇಕು. ನೇರಳೆಯನ್ನು ಎಂಟು-ಹತ್ತು ಸಲ, ಹಳದಿಯನ್ನು ಐದಾರು ಸಲ, ತಿಳಿನೀಲಿಯನ್ನು ಮೂರ್ನಾಲ್ಕು ಸಲ.

ಇನ್ನು ಚಳಿ. ಕಣದೊಳಗೆ ಪೊಟ್ಯಾಸಿಯಂ ಅನ್ನು ಹಿಡಿದಿಡುವ ಪಂಪ್ ಒಂದಿದೆ, ಚಳಿಯಲ್ಲಿ ಅದು ನಿಧಾನವಾಗುತ್ತದೆ, ಪೊಟ್ಯಾಸಿಯಂ ಸೋರುತ್ತದೆ. ಅದಕ್ಕೇ ಈ ಸ್ಯಾಂಪಲ್‌ಗಳನ್ನು ಫ್ರಿಜ್‌ನಲ್ಲಿ ಇಡಬಾರದು. ಇಂಗ್ಲೆಂಡಿನ ಚಳಿಗಾಲದಲ್ಲಿ, ಲ್ಯಾಬಿನಿಂದ ದೂರದ ಕ್ಲಿನಿಕ್‌ಗಳಿಂದ ಹೋದ ಸ್ಯಾಂಪಲ್‌ಗಳಲ್ಲಿ ಈ ಸುಳ್ಳು ಏರಿಕೆ ಜಾಸ್ತಿ ಕಾಣುವುದು ಲ್ಯಾಬಿನವರಿಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ವ್ಯಾನ್ ಬರುವ ಹೊತ್ತು ನಮಗೆ ಬಹಳ ಮುಖ್ಯ. ವ್ಯಾನ್ ಹೋದ ಮೇಲೆ ಬಂದವರಿಗೆ ‘ನಾಳೆ ಬನ್ನಿ’ ಅಂದರೆ ಕೋಪ ಬರುತ್ತದೆ. ಐದು ನಿಮಿಷದ ಕೆಲಸಕ್ಕೆ ಯಾಕಿಷ್ಟು ಅಂತ ಕೇಳುತ್ತಾರೆ. ಸುಮ್ನೆ ನಿಯಮ ಅಂತ ಹೇಳಿ ಕಳಿಸುವುದು ನನಗೆ ಸರಿಕಾಣುವುದಿಲ್ಲ. ಕಾರಣ ಬಿಡಿಸಿ ಹೇಳಿದರೆ ಹೆಚ್ಚಿನವರು ಒಪ್ಪಿಕೊಳ್ಳುತ್ತಾರೆ.

ಚಳಿಗಾಲದಲ್ಲಿ ನಾಳವೂ ಒಳಗೆ ಸೇರಿಕೊಳ್ಳುತ್ತದೆ. ಹೊರಗಿನಿಂದ ಮಂಜಿನಲ್ಲಿ ನಡೆದು ಬಂದವರ ಕೈ ಹಿಡಿದರೆ ತಣ್ಣಗೆ ಕೊರೆಯುತ್ತಿರುತ್ತದೆ. ಹತ್ತು ನಿಮಿಷ ಕೋಟು ಬಿಚ್ಚದೆ ಬೆಚ್ಚಗೆ ಕೂತಿರಿ, ನೀರು ಕುಡಿಯಿರಿ, ತೋಳು ಕೆಳಗೆ ಇಳಿಬಿಡಿ ಅಂತ ಹೇಳುತ್ತೇನೆ. ಆ ಹತ್ತು ನಿಮಿಷ ಎರಡು ಚುಚ್ಚು ಉಳಿಸುತ್ತದೆ.

ನೀರಿನ ಮಾತು ಬಂದಾಗ ನಮ್ಮವರೇ ಒಬ್ಬ ಅಮ್ಮ ನೆನಪಾಗುತ್ತಾರೆ. ಮಗಳ ಮನೆಯಲ್ಲಿ ಇದ್ದವರು. ನನ್ನ ಹೆಸರು ಕೇಳಿ ಕನ್ನಡದವಳು ಅಂತ ಗುರುತು ಹಿಡಿದರು, ಮುಖವೇ ಅರಳಿತು. ಕೈ ತುಂಬಾ ಗಾಜಿನ ಬಳೆ. ‘ಬಳೆ ತೆಗೀಬೇಕೇನಮ್ಮ?’ ಅಂದರು. ‘ಬೇಡಮ್ಮ, ಮೊಣಕೈ ಹತ್ತಿರ ತಾನೇ, ಹಾಗೇ ಇರಲಿ’ ಅಂದೆ. ತುಟಿ ಒಣಗಿತ್ತು. ಕೇಳಿದರೆ ಹಿಂದಿನ ರಾತ್ರಿಯಿಂದ ಊಟವಿಲ್ಲ, ಬೆಳಗ್ಗೆಯಿಂದ ಒಂದು ತೊಟ್ಟು ನೀರೂ ಇಲ್ಲ. ‘ರಕ್ತ ಕೊಡೋಕೆ ಖಾಲಿ ಹೊಟ್ಟೇಲಿ ಬರಬೇಕಲ್ವಾ?’ ಅವರಿಗೆ ಬರೆದಿದ್ದದ್ದು ಎಚ್‌ಬಿಎ1ಸಿ ಮತ್ತು ಕೊಲೆಸ್ಟ್ರಾಲ್. ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಲೆಕ್ಕ, ಬೆಳಗಿನ ತಿಂಡಿಯಿಂದ ಅದು ಬದಲಾಗುವುದಿಲ್ಲ. ಕೊಲೆಸ್ಟ್ರಾಲ್‌ಗೂ ಇಲ್ಲಿ ಸಾಮಾನ್ಯವಾಗಿ ಉಪವಾಸ ಕೇಳುವುದಿಲ್ಲ, 2014ರ ರಾಷ್ಟ್ರೀಯ ಮಾರ್ಗಸೂಚಿಯೇ ಹಾಗೆ ಹೇಳಿತ್ತು. ಉಪವಾಸ ಬೇಕಾದ ಪರೀಕ್ಷೆಗೂ ಬರೀ ನೀರು ಕುಡಿಯಬಹುದು. ಎರಡು ಲೋಟ ನೀರು ಕುಡಿಸಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಬೆರಳಡಿ ನಾಳ ಸಿಕ್ಕಿತು. ‘ಆಯ್ತಾ? ಗೊತ್ತೇ ಆಗ್ಲಿಲ್ಲ ಕಣಮ್ಮ’ ಅಂದರು. ಇಲ್ಲಿರುವ ನಮ್ಮ ಜನರಿಗೆ ಒಂದು ಮಾತು: ಎಚ್‌ಬಿಎ1ಸಿಯನ್ನು ಊರಿನಲ್ಲಿ ಶೇಕಡಾವಾರು ಹೇಳುತ್ತಾರೆ, ಇಲ್ಲಿ ಬೇರೆ ಅಳತೆ. ಅಲ್ಲಿಯ 6.5 ಇಲ್ಲಿಯ 48. ‘48 ಬಂದಿದೆ’ ಅಂತ ಕಂಡು ಗಾಬರಿಯಾದವರನ್ನೂ, ಏನೂ ಅಲ್ಲ ಅಂತ ಬಿಟ್ಟವರನ್ನೂ ನೋಡಿದ್ದೇನೆ. 48 ಅಂದರೆ ಸಕ್ಕರೆ ಕಾಯಿಲೆಯ ಗೆರೆ, 42ರಿಂದ 47 ಅದರ ಹೊಸ್ತಿಲು. ಡಾಕ್ಟರ ಹತ್ತಿರ ಮಾತಾಡಲೇಬೇಕು.

ಹೆಸರಿನ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ದೊಡ್ಡದು. ರೋಗಿ ಒಳಗೆ ಬಂದ ಮೇಲೆ ‘ನೀವು ಮಿಸೆಸ್ ಇಂಥವರಾ?’ ಅಂತ ಕೇಳಬಾರದು. ಕಿವಿ ಕೇಳದವರು, ಮರೆವಿರುವವರು, ಇಂಗ್ಲಿಷ್ ಬಾರದವರು, ಗಾಬರಿಯಲ್ಲಿರುವವರು ಎಲ್ಲದಕ್ಕೂ ‘ಹೌದು’ ಅನ್ನುತ್ತಾರೆ. ‘ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ’ ಅಂತ ಕೇಳಬೇಕು. ಅವರ ಬಾಯಿಂದಲೇ ಬರಬೇಕು. ಒಂದೇ ಮನೆಯಲ್ಲಿ ಅಪ್ಪ, ಮಗ ಇಬ್ಬರದೂ ಒಂದೇ ಹೆಸರು ಇರುವುದು ಇಲ್ಲಿ ಅಪರೂಪವಲ್ಲ. ಅವಳಿಗಳಾದರೆ ಹುಟ್ಟಿದ ದಿನವೂ ಒಂದೇ. ಟ್ಯೂಬಿನ ಮೇಲೆ ಲೇಬಲ್ ಹಚ್ಚುವುದು ರಕ್ತ ತೆಗೆದ ಮೇಲೆ, ರೋಗಿ ಎದುರಿಗೆ ಕೂತಿರುವಾಗಲೇ. ಮೊದಲೇ ಹಚ್ಚಿಡಬಾರದು, ಆಮೇಲೆ ಒಟ್ಟಿಗೆ ಹಚ್ಚೋಣ ಅಂತಲೂ ಬಿಡಬಾರದು. ರಕ್ತದ ಗುಂಪು ನೋಡುವ ಗುಲಾಬಿ ಟ್ಯೂಬಿಗಂತೂ ಅಚ್ಚಾದ ಲೇಬಲ್ ಸಾಮಾನ್ಯವಾಗಿ ನಡೆಯುವುದೇ ಇಲ್ಲ, ಕೈಯಲ್ಲೇ ಬರೆಯಬೇಕು. ಒಂದು ಅಕ್ಷರ ತಪ್ಪಿದ್ದರೂ ಲ್ಯಾಬಿನವರು ತಿರಸ್ಕರಿಸುತ್ತಾರೆ. ಹೊಸಬರಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ತಪ್ಪು ಗುಂಪಿನ ರಕ್ತ ಒಬ್ಬರ ಮೈಗೆ ಹೋದರೆ ಪ್ರಾಣವೇ ಹೋಗಬಹುದು. ಇದರಲ್ಲಿ ಅತಿ ಅನ್ನುವುದೇ ಇಲ್ಲ.

ರೋಗಿಯ ಹೆಸರು ಕೇಳುವ ಮುಂಚೆ ನನ್ನ ಹೆಸರು ಹೇಳುತ್ತೇನೆ. ಇದಕ್ಕೆ ಇಲ್ಲಿ ಒಂದು ಹಿನ್ನೆಲೆ ಇದೆ. ಡಾ. ಕೇಟ್ ಗ್ರೇಂಜರ್ ಅನ್ನುವ ವೈದ್ಯೆಗೆ ಕ್ಯಾನ್ಸರ್ ಆಗಿತ್ತು. 2013ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತನ್ನನ್ನು ನೋಡಿಕೊಳ್ಳಲು ಬರುವ ಎಷ್ಟೋ ಜನ ತಮ್ಮ ಹೆಸರನ್ನೇ ಹೇಳುವುದಿಲ್ಲ ಅಂತ ಅವರಿಗೆ ಅನ್ನಿಸಿತು. ‘ಹಲೋ, ನನ್ನ ಹೆಸರು...’ ಅನ್ನುವ ಚಳವಳಿ ಅಲ್ಲಿಂದ ಶುರುವಾಯಿತು. 2016ರಲ್ಲಿ ಅವರು ತೀರಿಕೊಂಡರು. ಆ ಮಾತು ಬರೆದ ಹಳದಿ ಬಿಲ್ಲೆ ಈಗ ಎಷ್ಟೋ ಸಿಬ್ಬಂದಿಯ ಎದೆ ಮೇಲಿದೆ. ಎರಡು ಸೆಕೆಂಡಿನ ಮಾತು ಅದು. ಕೂತವರ ಭುಜ ಸ್ವಲ್ಪ ಸಡಿಲಾಗುವುದು ಕಣ್ಣಿಗೇ ಕಾಣುತ್ತದೆ.

ಭಯದ ಬಗ್ಗೆ ಹೇಳಲೇಬೇಕು. ಕುರ್ಚಿಯಲ್ಲಿ ತಲೆ ತಿರುಗುವವರಲ್ಲಿ ಗಟ್ಟಿಮುಟ್ಟಾದ ಹುಡುಗರೇ ಜಾಸ್ತಿ ಅನ್ನುವುದು ನನ್ನ ಅನುಭವ. ಅವರು ಮೊದಲೇ ಹೇಳುವುದೂ ಇಲ್ಲ. ನಾನೇ ಎಲ್ಲರನ್ನೂ ಕೇಳುತ್ತೇನೆ, ಹಿಂದೆ ಯಾವತ್ತಾದರೂ ತಲೆ ಸುತ್ತಿತ್ತಾ ಅಂತ. ಹೌದು ಅಂದರೆ ಮಂಚದ ಮೇಲೆ ಮಲಗಿಸಿಯೇ ತೆಗೆಯುವುದು. ರಕ್ತ ಕಂಡಾಗ ಕೆಲವರಿಗೆ ರಕ್ತದೊತ್ತಡ ದಿಢೀರನೆ ಇಳಿಯುತ್ತದೆ. ಅಂಥವರಿಗೆ ತೊಡೆ, ಹೊಟ್ಟೆ, ಇನ್ನೊಂದು ತೋಳಿನ ಸ್ನಾಯುಗಳನ್ನು ಹತ್ತು-ಹದಿನೈದು ಸೆಕೆಂಡು ಬಿಗಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಬಿಗಿಯಲು ಹೇಳಿಕೊಡುತ್ತೇವೆ. ಒತ್ತಡ ಇಳಿಯುವುದನ್ನು ಅದು ತಡೆಯುತ್ತದೆ. ‘ಉಸಿರು ಬಿಡಿ, ರಿಲ್ಯಾಕ್ಸ್ ಆಗಿ’ ಅನ್ನುವುದು ಇವರಿಗೆ ಸರಿಯಾದ ಮದ್ದಲ್ಲ. ಮತ್ತೆ, ‘ಇರುವೆ ಕಚ್ಚಿದ ಹಾಗೆ ಅಷ್ಟೇ’ ಅಂತ ನಾನು ಯಾರಿಗೂ ಹೇಳುವುದಿಲ್ಲ. ನೋವು ಎಷ್ಟು ಅಂತ ಹೇಳಬೇಕಾದವರು ಅವರು. ‘ಈಗ ಚುಚ್ಚುತ್ತೇನೆ, ಬೇಡ ಅನ್ನಿಸಿದರೆ ನಿಲ್ಲಿಸಿ ಅನ್ನಿ, ನಿಲ್ಲಿಸುತ್ತೇನೆ’ ಅಂತ ಹೇಳಿ, ಹೇಳಿದ ಹಾಗೆ ನಡೆದುಕೊಂಡರೆ ಸಾಕು.

ಮರೆವಿನ ಕಾಯಿಲೆಯವರು ಬಂದಾಗ ಹೊತ್ತು ಕೊಡಬೇಕು. ಒಬ್ಬರಿಗೆ ತಿಳಿದು ತೀರ್ಮಾನ ಮಾಡುವ ಶಕ್ತಿ ಇದೆ ಅಂತಲೇ ನಾವು ಶುರು ಮಾಡಬೇಕು, ಇಲ್ಲ ಅಂತ ಅಲ್ಲ. 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಮೊದಲ ತತ್ವವೇ ಅದು. ಜೊತೆಗೆ ಬಂದ ಮಗ ‘ನಾನು ಕೈ ಹಿಡ್ಕೋತೀನಿ, ತೆಗೀರಿ’ ಅಂದರೂ ತಾಯಿ ಕೈ ಎಳೆದುಕೊಂಡರೆ ನಾನು ನಿಲ್ಲಿಸುತ್ತೇನೆ. ಡಾಕ್ಟರಿಗೆ ಬರೆದು ತಿಳಿಸುತ್ತೇನೆ. ಬಲವಂತದಿಂದ ತೆಗೆದ ರಕ್ತಕ್ಕಿಂತ ಇನ್ನೊಂದು ದಿನ ಬರುವುದೇ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾಳಗಳ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ರೋಗಿಗಳಿಗೇ. ಕೀಮೋ ತೆಗೆದುಕೊಂಡವರು, ಹಿಂದೆ ಡ್ರಗ್ಸ್ ಚುಚ್ಚಿಕೊಳ್ಳುತ್ತಿದ್ದವರು, ವರ್ಷಗಟ್ಟಲೆ ಪರೀಕ್ಷೆ ಮಾಡಿಸುತ್ತಿರುವವರು, ‘ಅಲ್ಲಿ ಬರಲ್ಲ, ಇಲ್ಲಿ ನೋಡು’ ಅಂತ ಬೆರಳಿಟ್ಟು ತೋರಿಸುತ್ತಾರೆ. ಕೇಳಿದರೆ ನಮ್ಮ ಗೌರವಕ್ಕೇನೂ ಕಡಿಮೆಯಾಗುವುದಿಲ್ಲ. ಡ್ರಗ್ಸ್ ಬಿಟ್ಟು ಹೊಸ ಬದುಕು ಹಿಡಿದ ಒಬ್ಬರು, ತೋಳಿನ ಗಾಯದ ಗುರುತು ನೋಡಿ ನಾನು ಏನಂದುಕೊಳ್ಳುತ್ತೇನೋ ಅಂತ ಅಂಗಿಯ ತೋಳನ್ನು ಮಡಚಲೇ ಹಿಂಜರಿಯುತ್ತಿದ್ದರು. ‘ಯಾವ ಕೈ ನಿಮಗೆ ಅನುಕೂಲ?’ ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. ಅಷ್ಟೇ ಬೇಕಾಗಿತ್ತು ಅವರಿಗೆ. ಡಯಾಲಿಸಿಸ್‌ಗೆ ಫಿಸ್ಟುಲಾ, ಅಂದರೆ ತೋಳಿನಲ್ಲಿ ಎರಡು ರಕ್ತನಾಳಗಳ ಜೋಡಣೆ, ಮಾಡಿಸಿಕೊಂಡವರ ಆ ತೋಳನ್ನು ಮಾತ್ರ ಮುಟ್ಟಲೇಬಾರದು, ಪಟ್ಟಿಯನ್ನೂ ಕಟ್ಟಬಾರದು. ಅದು ಅವರ ಜೀವದ ದಾರಿ. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ಕೈಯನ್ನೂ ಬಿಡುತ್ತೇವೆ.

ಎರಡು ಸಲ ಚುಚ್ಚಿಯೂ ಬಾರದಿದ್ದರೆ ನಿಲ್ಲಿಸಿ ಇನ್ನೊಬ್ಬರನ್ನು ಕರೆಯುವುದು ನಮ್ಮಲ್ಲಿಯ ನಿಯಮ. ಅದು ಸೋಲಲ್ಲ. ಇದನ್ನು ಒಪ್ಪಿಕೊಳ್ಳಲಾರದವರು ರೋಗಿಯ ಕೈಯನ್ನು ನೀಲಿಗಟ್ಟಿಸುತ್ತಾರೆ.

ನಮಗೂ ಅಪಾಯ ಇದೆ. ಬಳಸಿದ ಸೂಜಿ ನಮಗೇ ಚುಚ್ಚಿದರೆ ಆ ಜಾಗವನ್ನು ಹರಿಯುವ ನೀರಿನಡಿ ಹಿಡಿದು ರಕ್ತ ಹೋಗಲು ಬಿಡಬೇಕು, ಸೋಪಿನಿಂದ ತೊಳೆಯಬೇಕು, ಬಾಯಿಂದ ಹೀರಬಾರದು, ಉಜ್ಜಬಾರದು. ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ರೋಗಿಗೆ ಎಚ್‌ಐವಿ ಇದ್ದು, ಅವರು ಚಿಕಿತ್ಸೆಯಲ್ಲಿ ಇಲ್ಲದಿದ್ದರೂ, ಸೂಜಿಯಿಂದ ಅದು ತಗಲುವ ಸಂಭವ ಸುಮಾರು 300ರಲ್ಲಿ ಒಂದು. ಹೆಪಟೈಟಿಸ್ ಬಿ ಆದರೆ, ಲಸಿಕೆ ಇಲ್ಲದವರಿಗೆ, ಮೂರರಲ್ಲಿ ಒಂದರವರೆಗೆ ಹೋಗಬಹುದು. ಮೊದಲೇ ಮೂರು ಡೋಸ್ ಯಾಕೆ ಅನ್ನುವುದು ಇದರಿಂದ ತಿಳಿಯುತ್ತದೆ. ಸುರಕ್ಷಿತ ಸೂಜಿಗಳನ್ನು ಕೊಡುವುದು 2013ರಿಂದ ಇಲ್ಲಿ ಕಾನೂನು. ತೆಗೆದ ತಕ್ಷಣ ಮುಚ್ಚಳ ‘ಟಕ್’ ಅಂತ ಮುಚ್ಚಿಕೊಳ್ಳುತ್ತದೆ, ಅಲ್ಲೇ ಪಕ್ಕದ ಹಳದಿ ಡಬ್ಬಿಗೆ ಹಾಕುವುದು.

2021ರ ಆಗಸ್ಟ್‌ನಲ್ಲಿ ದೇಶದಲ್ಲೆಲ್ಲ ಟ್ಯೂಬುಗಳ ಕೊರತೆ ಬಂತು. ತುರ್ತಿಲ್ಲದ ಪರೀಕ್ಷೆಗಳನ್ನು ಸೆಪ್ಟೆಂಬರ್ 17ರವರೆಗೆ ನಿಲ್ಲಿಸಿ ಅಂತ ಎನ್‌ಎಚ್‌ಎಸ್ ಇಂಗ್ಲೆಂಡ್ ಜಿಪಿಗಳಿಗೆ ಹೇಳಿತು. ಒಂದು ಪುಟ್ಟ ಪ್ಲಾಸ್ಟಿಕ್ ಟ್ಯೂಬ್ ಇಲ್ಲದಿದ್ದರೆ ಡಾಕ್ಟರ ಕೈಯೇ ಕಟ್ಟಿಹೋಗುತ್ತದೆ ಅಂತ ಎಲ್ಲರಿಗೂ ಆಗ ಗೊತ್ತಾಯಿತು. ಒಂದು ಟ್ಯೂಬನ್ನೂ ವ್ಯರ್ಥ ಮಾಡದ ಅಭ್ಯಾಸ ಆ ಕಾಲದ್ದು.

ಕುರ್ಚಿಯಲ್ಲಿ ಕೂರುವವರಿಗೆ ಇನ್ನೊಂದು ಮಾತು. ರಕ್ತ ತೆಗೆದ ಮೇಲೆ ತೋಳು ಮಡಚಬೇಡಿ. ನೆಟ್ಟಗೆ ಇಟ್ಟು, ಹತ್ತಿಯ ಮೇಲೆ ಎರಡು-ಮೂರು ನಿಮಿಷ ಗಟ್ಟಿಯಾಗಿ ಒತ್ತಿ. ಮಡಚಿದರೆ ತೂತು ಬಿಚ್ಚಿಕೊಂಡು ಒಳಗೆ ರಕ್ತ ಸೋರಿ ನೀಲಿಯಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಇನ್ನೂ ಹೆಚ್ಚು ಹೊತ್ತು ಒತ್ತಬೇಕು, ಅದನ್ನು ನಮಗೆ ಮೊದಲೇ ಹೇಳಬೇಕು. ‘ರಿಪೋರ್ಟಿನಲ್ಲಿ ಏನು ಬರಬಹುದು?’ ಅಂತ ನಮ್ಮನ್ನು ಕೇಳಿದರೆ ನಾವು ಹೇಳುವ ಹಾಗಿಲ್ಲ. ಫಾರಂನಲ್ಲಿ ಪಿಎಸ್‌ಎ (ಗಂಡಸರ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ನೋಡುವ ಪರೀಕ್ಷೆ) ಅಂತ ಓದಿ ಕಣ್ಣಲ್ಲಿ ನೀರು ತಂದುಕೊಂಡವರ ಎದುರು ಸುಮ್ಮನಿರುವುದು ಕಷ್ಟ. ಯಾವಾಗ ರಿಪೋರ್ಟ್ ಬರುತ್ತದೆ, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ನನ್ನ ಕೈಲಿ ಆಗುವುದು ಅದು.

ಈ ಕೆಲಸದಿಂದ ಮುಂದೆ ಓದಿ ನರ್ಸಿಂಗ್ ಅಸೋಸಿಯೇಟ್, ಅಂದರೆ ನಮಗೂ ನರ್ಸ್‌ಗೂ ನಡುವಿನ ಮೆಟ್ಟಿಲು, ಆದವರಿದ್ದಾರೆ, ನರ್ಸ್ ಆದವರೂ ಇದ್ದಾರೆ. ನನಗೆ ಸದ್ಯಕ್ಕೆ ಈ ಸಣ್ಣ ಕೋಣೆಯೇ ಸಾಕು. ಇಂಗ್ಲೆಂಡಿಗೆ ಹೊಸದಾಗಿ ಬಂದು ಆಸ್ಪತ್ರೆ ಕೆಲಸ ಹುಡುಕುತ್ತಿರುವವರು ಕೇಳುವುದುಂಟು, ಅರ್ಜಿ ಹಾಕಬಹುದಾ ಅಂತ. ಇಲ್ಲಿ ಕೆಲಸ ಮಾಡುವ ಅನುಮತಿ ನಿಮ್ಮ ವೀಸಾದಲ್ಲಿ ಇದೆಯಾ ನೋಡಿಕೊಂಡು ಖಂಡಿತ ಹಾಕಿ. ಎನ್‌ಎಚ್‌ಎಸ್ ಜಾಬ್ಸ್ ತಾಣದಲ್ಲಿ ‘ಹೆಲ್ತ್‌ಕೇರ್ ಅಸಿಸ್ಟೆಂಟ್’, ‘ಫ್ಲೆಬಾಟಮಿಸ್ಟ್’ ಎರಡೂ ಹೆಸರಿನಲ್ಲಿ ಹುಡುಕಿ. ವಯಸ್ಸಾದ ಅತ್ತೆಯನ್ನೋ ಅಪ್ಪನನ್ನೋ ಮನೆಯಲ್ಲಿ ನೋಡಿಕೊಂಡಿದ್ದರೆ ಅದನ್ನು ಅರ್ಜಿಯಲ್ಲಿ ಬರೆಯಿರಿ, ಅದೂ ಅನುಭವವೇ. ಸಂದರ್ಶನದಲ್ಲಿ ‘ಕಾದು ಕಾದು ಸಿಟ್ಟಾದ ರೋಗಿಯೊಬ್ಬರು ಒಳಗೆ ಬಂದರು, ನೀವು ಏನು ಮಾಡುತ್ತೀರಿ?’ ಅನ್ನುವಂಥ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರವನ್ನು ಇವತ್ತಿನಿಂದಲೇ ಯೋಚಿಸಿಟ್ಟುಕೊಳ್ಳಿ.